ಚಿಕ್ಕಮ್ಮ ತಾಳೆ ನೋಡಿದ ಎರಡು ಚಾಕಲೇಟು

ನಮ್ಮ ಚಿಕ್ಕಮ್ಮನ ಮನೆಗೆ ಯಾರಾದರೂ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ಹೋದರೆ, ಅವಳು ಮೊದಲು ಅದನ್ನು ಬೋರಲು ಹಾಕುತ್ತಾಳೆ. ಬಂದವರ ಮುಖ ನೋಡುವುದು ಆಮೇಲೆ. ಕನ್ನಡಕವನ್ನು ಹಣೆಗೇರಿಸಿ, ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು, ಅದರ ಬೆನ್ನ ಮೇಲೆ ಇರುವೆ ಸಾಲಿನ ಹಾಗಿರುವ ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾಳೆ. ಓದಿ ಮುಗಿದ ಮೇಲೆ "ಬಾ, ಕೂತ್ಕೋ" ಅನ್ನುತ್ತಾಳೆ. ಪರಿಚಯವಿಲ್ಲದವರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಅವಳ ಅಕ್ಕನ ಮಗಳಾದ ನನಗೇ ಎಷ್ಟೋ ಸಲ ರೇಗಿದೆ. ಆದರೆ ಮದುವೆಗೆ ಮೊದಲಿನಿಂದ ಹಿಡಿದು ನಿವೃತ್ತಿಯ ದಿನದವರೆಗೆ ಅದನ್ನೇ ಕೆಲಸವಾಗಿ ಮಾಡಿದವಳ ಕಣ್ಣಿಗೆ ಬೇರೆ ದಾರಿ ಗೊತ್ತಿಲ್ಲ.

ಅವಳು ಇದ್ದದ್ದು ಪೊಟ್ಟಣಗಳ ಹೊರಕಾಗದ ಅಚ್ಚು ಹಾಕುವ ಕಾರ್ಖಾನೆಯಲ್ಲಿ. ಯಂತ್ರಗಳ ಗದ್ದಲದಿಂದ ಆಚೆಗೆ, ಗಾಜಿನ ಗೋಡೆಯ ಒಂದು ಕೋಣೆ. ಅಲ್ಲಿನ ಮೇಜಿನ ಮೇಲ್ಮೈ ಕೂಡ ಗಾಜಿನದು, ಅದರ ಕೆಳಗೆ ದೀಪ. ಎಡಕ್ಕೆ ಒಪ್ಪಿಗೆಯಾದ ಮಾದರಿ ಹಾಳೆ, ಬಲಕ್ಕೆ ಯಂತ್ರದಿಂದ ಈಗಷ್ಟೇ ಬಂದ, ಶಾಯಿಯ ವಾಸನೆ ಇನ್ನೂ ಆರದ ಹಾಳೆ. ಎರಡನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು. ಮೇಲಿನಿಂದ ಓದಿದರೆ ಮನಸ್ಸು ಮುಂದಿನದನ್ನು ತಾನೇ ಊಹಿಸಿಕೊಂಡು ಓಡಿಬಿಡುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೆಳಗಿನಿಂದ ಓದುವುದು. ಶಾಂಪೂ ಪೊಟ್ಟಣದ ಮೇಲೆ 'ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಕಲಕಿ' ಎಂದು ಸೂಪಿನ ಪೊಟ್ಟಣದ ಸಾಲು ಬಂದು ಕೂತಿದ್ದನ್ನು ಹಿಡಿದವಳು ಅವಳೇ. ಆ ಕತೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾಳೆ ಅಂದರೆ, ನನಗೆ ಶಾಂಪೂ ನೋಡಿದರೆ ಈಗಲೂ ಸೂಪಿನ ನೆನಪಾಗುತ್ತದೆ.

ಸೇರಿದ ಹೊಸದರಲ್ಲಿ ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ಎರಡು ಮಾತು ಹೇಳಿಕೊಟ್ಟಿದ್ದನಂತೆ. ಎದುರಿಗೆ ಎರಡು ಹಾಳೆ ಇದ್ದರೆ ಒಂದು ಸರಿ, ಇನ್ನೊಂದು ರದ್ದಿ, ನಡುವೆ ಏನೂ ಇಲ್ಲ. ತಪ್ಪು ಕಂಡರೆ ಕೂಗಾಡಬಾರದು, ಯಂತ್ರದವನ ಜೊತೆ ಜಗಳಕ್ಕೆ ಹೋಗಬಾರದು, ಸದ್ದಿಲ್ಲದೆ ಕೆಟ್ಟ ಹಾಳೆ ತೆಗೆದು ಸರಿಯಾದದ್ದನ್ನು ಇಟ್ಟುಬಿಡಬೇಕು. ಚಿಕ್ಕಮ್ಮ ಈ ಎರಡನ್ನೂ ಬರೀ ಕಾರ್ಖಾನೆಗೆ ಇಟ್ಟುಕೊಂಡಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನು ಅಕ್ಷರದ ಮನುಷ್ಯನಲ್ಲ, ಸದ್ದಿನ ಮನುಷ್ಯ. ಬಾಗಿಲು ಮುಚ್ಚುವ ಸದ್ದು ಕೇಳಿಯೇ ಎಲ್ಲಿ ಏನು ಸವೆದಿದೆ ಎಂದು ಹೇಳಬಲ್ಲ. ಓದುವ ಗೊಡವೆಯನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ಹಾಯಾಗಿದ್ದ. ಅವಳು ಕೊಟ್ಟದ್ದನ್ನು ಅವನು ನೋಡಿ ತಿಂದದ್ದೇ ನನಗೆ ನೆನಪಿಲ್ಲ. ಟಿವಿಯ ಮೇಲೆ ಕಣ್ಣಿಟ್ಟು ಕೈ ಚಾಚುತ್ತಿದ್ದ, ಅವಳು ಅಂಗೈಗೆ ಇಟ್ಟದ್ದು ನೇರ ಬಾಯಿಗೆ ಹೋಗುತ್ತಿತ್ತು. ಹಣ್ಣಾಗಲಿ, ಮಾತ್ರೆಯಾಗಲಿ ಒಂದೇ. "ಮನೇಲೇ ಒಂದು ತಪಾಸಣೆ ವಿಭಾಗ ಇದೆ, ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ" ಎಂದು ನಗುತ್ತಿದ್ದ. ಒಮ್ಮೊಮ್ಮೆ ಅಂಗಿ ಬಿಚ್ಚಿ ತಿರುಗಿ ನಿಂತು, ತನ್ನ ಬೆನ್ನ ಮೇಲೂ ಏನಾದರೂ ಬರೆದಿದೆಯಾ ನೋಡು ಎಂದು ರೇಗಿಸುತ್ತಿದ್ದ.

ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಮಾತ್ರೆ, ಆಮೇಲೆ ಇನ್ಸುಲಿನ್. ಚಿಕ್ಕಮ್ಮ ಜೊತೆಗೆ ಹೋಗಿದ್ದ ದಿನ ಡಾಕ್ಟರು ಸಿಹಿ ಕಡಿಮೆ ಮಾಡಿಸಬೇಕು ಎಂದರು. ಅಷ್ಟು ಸಾಕಾಯಿತು ಅವಳಿಗೆ. ಅಂದಿನಿಂದ ಅಡುಗೆಮನೆಯ ಕಪಾಟು ಕಾರ್ಖಾನೆಯ ಗಾಜಿನ ಮೇಜಾಯಿತು. ಡಬ್ಬಿ ಡಬ್ಬಿಯನ್ನೂ ಬೋರಲು ಹಾಕಿ, ಎರಡೆರಡನ್ನು ಪಕ್ಕಪಕ್ಕ ಇಟ್ಟು, ಒಂದನ್ನು ಉಳಿಸಿ ಇನ್ನೊಂದನ್ನು ನಮ್ಮ ಮನೆಗೆ ಕಳಿಸಿದಳು. ಜಾಮ್ ಬಾಟಲಿ ಮನೆ ಬಿಟ್ಟ ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಚಿಕ್ಕಪ್ಪ ಮುಖ ಊದಿಸಿಕೊಂಡು ದಿನಗಟ್ಟಲೆ ಮಾತು ಬಿಟ್ಟ. ಕೊನೆಗೆ ಅವಳೇ ಸೋತು, ಅಂಗಡಿಯಲ್ಲಿದ್ದ ಚಾಕಲೇಟುಗಳನ್ನೆಲ್ಲ ಜಾಲಾಡಿ ಒಂದನ್ನು ಆರಿಸಿ ತಂದಳು. ಕಪ್ಪು ಚಾಕಲೇಟು, ಒಳಗೆ ಬಾದಾಮಿಯ ಸಣ್ಣ ಚೂರು, ತಿಂದರೆ ಕಹಿಯೇ ಮುಂದು. ಊಟವಾದ ಮೇಲೆ ಯಾವಾಗಲಾದರೊಮ್ಮೆ ಒಂದು ತುಂಡು ಕೊಡುತ್ತಿದ್ದಳು. ಚಿಕ್ಕಪ್ಪ ಅದನ್ನು ಔಷಧಿ ನುಂಗಿದ ಹಾಗೆ ನುಂಗುತ್ತಿದ್ದ. ಮನೆಯಲ್ಲಿ ಶಾಂತಿ ನೆಲೆಸಿತು.

ಹೀಗಿರುವಾಗ ಒಂದು ದಿನ ಬಟ್ಟೆ ಒಗೆಯಲು ಹಾಕುವಾಗ ಅವನ ಕೆಲಸದ ಅಂಗಿಯ ಜೇಬಿನಲ್ಲಿ ಅವಳಿಗೆ ಟಾಫಿ ಕಾಗದ ಸಿಕ್ಕಿತು. ಎರಡೂ ತುದಿ ತಿರುಚಿ ಸುತ್ತುವ, ಕಂದು ಬಣ್ಣದ ಚಾಕಲೇಟ್ ಟಾಫಿಯ ಕಾಗದ. ಒಂದಲ್ಲ, ಮೂರು ನಾಲ್ಕು, ಜೊತೆಗೆ ಇನ್ನೂ ಬಿಚ್ಚದ ಟಾಫಿಗಳು. ಗಂಡ ತನ್ನ ಕಣ್ಣು ತಪ್ಪಿಸಿ ಸಿಹಿ ತಿನ್ನುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಆ ಭಾನುವಾರ ನಾನು ಹೋದಾಗ ಊಟದ ಮೇಜಿನ ಮೇಲೆ ಎರಡು ಪೊಟ್ಟಣ ಬೋರಲು ಬಿದ್ದಿದ್ದವು. ಎಡಕ್ಕೆ ಕಪ್ಪು ಚಾಕಲೇಟು, ಬಲಕ್ಕೆ ಟಾಫಿಯ ದೊಡ್ಡ ಚೀಲ. ಒಂಟಿ ಟಾಫಿಯ ಕಾಗದದ ಮೇಲೆ ಹೆಸರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಒಳಗೇನಿದೆ ಎಂಬ ವಿವರವೆಲ್ಲ ಚೀಲದ ಬೆನ್ನಿಗೆ. ಅದನ್ನು ಓದುವುದಕ್ಕೆಂದೇ ಅವಳು ಇಡೀ ಚೀಲ ಕೊಂಡು ತಂದಿದ್ದಳು. ಚಿಕ್ಕಪ್ಪ ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದ.

"ನೋಡೇ" ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪಿಸುದನಿಯಲ್ಲಿ ಕೆಳಗಿನಿಂದ ಶುರು ಮಾಡಿದಳು. ಎರಡರಲ್ಲೂ ಲೆಕ್ಕ ಕೊಟ್ಟಿದ್ದು ನೂರು ಗ್ರಾಮಿಗೆ, ಹಾಗಾಗಿ ಹೋಲಿಸುವುದು ಸುಲಭ. ಕಟ್ಟಕಡೆಯ ಸಾಲು ಕೊಬ್ಬಿನದು. ಅದರಲ್ಲಿ ಕಪ್ಪು ಚಾಕಲೇಟಿನದೇ ಮೇಲುಗೈ, ಟಾಫಿಯಲ್ಲಿ ಇದ್ದದ್ದರ ನಾಲ್ಕೈದು ಪಟ್ಟು. ಚಿಕ್ಕಮ್ಮ ಅಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ತಡೆದಳು, ಹುಬ್ಬು ಗಂಟಿಕ್ಕಿದಳು, ಡಾಕ್ಟರು ಕೊಬ್ಬಿನ ಮಾತು ಎತ್ತಿಲ್ಲವಲ್ಲ ಎಂದು ಮುಂದಕ್ಕೆ ಹೋದಳು. ಅದರ ಮೇಲೆ ಸಕ್ಕರೆ. ಟಾಫಿಯ ತೂಕದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಸಕ್ಕರೆಯೇ, ಕಪ್ಪು ಚಾಕಲೇಟಿನಲ್ಲಿ ಕಾಲು ಪಾಲು. ನಾರು ಟಾಫಿಯಲ್ಲಿ ಸೊನ್ನೆ, ಕಪ್ಪಿನಲ್ಲಿ ಧಾರಾಳ. ಪ್ರೋಟೀನು ಟಾಫಿಯಲ್ಲಿ ಹೆಸರಿಗಷ್ಟೇ, ಕಪ್ಪಿನಲ್ಲಿ ಬಾದಾಮಿಯ ದಯೆಯಿಂದ ಪರವಾಗಿಲ್ಲ. ಕಬ್ಬಿಣವೂ ಇತ್ತು. ಅವಳ ಮುಖ ಅರಳಿತು. ಹೀಗೆ ಪಕ್ಕಪಕ್ಕ ಇಟ್ಟಾಗ ಒಂದು ಗೆದ್ದು ಒಂದು ಸೋಲುವುದನ್ನು ನೋಡುವುದರಲ್ಲಿ ಅವಳಿಗೊಂದು ಸುಖವಿದೆ.

ಚಿಕ್ಕಪ್ಪನನ್ನೇ ನೇರ ಕೇಳಿಬಿಡು ಎಂದೆ. ಜಾಮಿನ ಜಗಳ ಸಾಕಾಗಿದೆ, ಇನ್ನೊಂದು ಬೇಡ ಎಂದಳು. ಅಷ್ಟಕ್ಕೇ ಮುಗಿಯಿತು ಅಂದುಕೊಂಡು ನಾನು ಮನೆಗೆ ಬಂದೆ. ಮೇಸ್ತ್ರಿಯ ಎರಡನೆಯ ಮಾತು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಆಮೇಲೆ ಅವಳು ಮಾಡಿದ್ದು ಇಷ್ಟು. ಕಪ್ಪು ಚಾಕಲೇಟನ್ನು ಚಾಕುವಿನಿಂದ ಟಾಫಿಯ ಅಳತೆಗೆ ಕತ್ತರಿಸಿದಳು. ಮೂಲೆಗಳನ್ನು ಬಿಸಿ ಚಮಚದಿಂದ ಸವರಿ ದುಂಡಗೆ ಮಾಡಿದಳು. ಚೀಲದ ಟಾಫಿಗಳನ್ನು ಬಿಚ್ಚಿ, ಅವುಗಳ ಕಾಗದದಲ್ಲಿ ಈ ತುಂಡುಗಳನ್ನು ಸುತ್ತಿ, ಹೆಸರು ಸರಿಯಾಗಿ ಮೇಲಕ್ಕೆ ಬರುವಂತೆ ಎರಡೂ ತುದಿ ತಿರುಚಿದಳು. ಅವನ ಜೇಬಿನಲ್ಲಿದ್ದ ಟಾಫಿ ತೆಗೆದು ಇವನ್ನು ಇಟ್ಟಳು. ಬೇರೆ ಯಾರೇ ಮಾಡಿದ್ದರೂ ಎಲ್ಲೋ ಒಂದು ಮಡಿಕೆ ಸೊಟ್ಟಗಾಗಿ ಗುಟ್ಟು ರಟ್ಟಾಗುತ್ತಿತ್ತು. ಇವಳ ಕೈಯಲ್ಲಿ ಅದು ಕಾರ್ಖಾನೆಯಿಂದಲೇ ಬಂದಂತೆ ಬಂತು. ತಿಂದ ಮೇಲೆ ಗೊತ್ತಾಗುತ್ತದೆ, ನಾಚಿಕೊಂಡು ಸುಮ್ಮನಾಗುತ್ತಾನೆ, ಬಾಯಿ ಬಿಟ್ಟರೆ ತನ್ನ ಕಳ್ಳತನವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಜಗಳವಿಲ್ಲದೆ ಹಾಳೆ ಬದಲಾಯಿತು.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಇನ್ಸುಲಿನ್ ಹೆಚ್ಚಿಸಿದ ಮೇಲೆ ಒಂದೆರಡು ಸಲ ಕೆಲಸದ ನಡುವೆ ಚಿಕ್ಕಪ್ಪನಿಗೆ ಕೈ ನಡುಗಿ, ಬೆವರು ಇಳಿದು, ಕಣ್ಣು ಕತ್ತಲೆ ಬಂದಿತ್ತು. ಸಕ್ಕರೆ ಏರುವುದಲ್ಲ, ಇಳಿದುಬಿಡುವುದು. ಅವನು ಒಬ್ಬನೇ ಹೋಗಿ ಡಾಕ್ಟರನ್ನು ಕಂಡಿದ್ದ. ಹಾಗಾದಾಗ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಸಕ್ಕರೆಯದ್ದೇನಾದರೂ ಜೇಬಿನಲ್ಲಿರಲಿ, ಮನೆಯವರಿಗೂ ತಿಳಿಸಿಡಿ ಎಂದು ಅವರು ಹೇಳಿದ್ದರು. ಮೊದಲನೆಯದನ್ನು ಪಾಲಿಸಿದ, ಎರಡನೆಯದನ್ನು ನುಂಗಿಕೊಂಡ. ಹೆಂಡತಿಗೆ ಹೇಳಿದರೆ ಮರುದಿನವೇ ಕೆಲಸ ಬಿಡಿಸಿ ಗಾಜಿನ ಬೀರುವಿನಲ್ಲಿ ಕೂರಿಸುತ್ತಾಳೆ ಎಂಬ ಭಯ ಅವನಿಗೆ.

ಜೇಬಿನ ಟಾಫಿ ಬದಲಾದ ಮೇಲೆ ಒಂದು ದಿನ ಅವನಿದ್ದದ್ದು ಒಂದು ಎತ್ತರದ ಕಟ್ಟಡದ ತುದಿಯಲ್ಲಿ, ಲಿಫ್ಟಿನ ಮೋಟಾರು ಇರುವ ಸಣ್ಣ ಕೋಣೆಯಲ್ಲಿ. ಅವನ ಜೊತೆ ಕೆಲಸ ಮಾಡುವ, ಎಲ್ಲರೂ ಡುಮ್ಮಣ್ಣ ಎಂದೇ ಕರೆಯುವ ಆಸಾಮಿ ನೆಲಮಾಳಿಗೆಯಲ್ಲಿ ನಿಂತು ಅವನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. ಮಧ್ಯೆ ಚಿಕ್ಕಪ್ಪ, ಮೈ ಸರಿ ಇಲ್ಲ, ಟಾಫಿ ತಿಂದಿದ್ದೇನೆ, ಸ್ವಲ್ಪ ಕೂತರೆ ಸರಿ ಹೋಗುತ್ತದೆ ಎಂದನಂತೆ. ಡುಮ್ಮಣ್ಣನಿಗೆ ಟಾಫಿಯ ವಿಷಯ ಗೊತ್ತಿದ್ದರಿಂದ ಅವನೂ ನಿಶ್ಚಿಂತೆಯಿಂದ ಕಾದ. ಮತ್ತೆ ಕರೆದರೆ ಉತ್ತರವಿಲ್ಲ. ಲಿಫ್ಟು ಇವರೇ ನಿಲ್ಲಿಸಿದ್ದು, ಮೆಟ್ಟಿಲೇ ಗತಿ. ಅಷ್ಟು ದಪ್ಪದ ಮನುಷ್ಯ ಅಷ್ಟೂ ಮಹಡಿ ಹತ್ತಿ ಹೋಗುವಷ್ಟರಲ್ಲಿ ಚಿಕ್ಕಪ್ಪ ಗೋಡೆಗೊರಗಿ, ಬೆವರಿನಲ್ಲಿ ತೊಯ್ದು, ಏನೇನೋ ಬಡಬಡಿಸುತ್ತಿದ್ದ. ಆಮೇಲೆ ಅದೂ ನಿಂತಿತು. ಅವನ ಕಾಲ ಬಳಿ ಮೂರು ಟಾಫಿ ಕಾಗದ ಬಿದ್ದಿದ್ದವು.

ಚಿಕ್ಕಮ್ಮ ನನಗೆ ಫೋನ್ ಮಾಡಿದಳು. ಇಬ್ಬರೂ ಆಸ್ಪತ್ರೆಗೆ ಓಡಿದೆವು. ನಾವು ತಲುಪುವ ಹೊತ್ತಿಗೆ ಆಂಬುಲೆನ್ಸಿನವರು ಗ್ಲೂಕೋಸ್ ಏರಿಸಿ ಎಚ್ಚರ ತರಿಸಿದ್ದರು. ಹಸಿರು ಪರದೆಯ ಆಚೆ ಅವನ ದನಿ ಕೇಳಿ ಚಿಕ್ಕಮ್ಮ ಈಚೆಗೇ ನಿಂತಳು. ಅವನು ಅಲ್ಲಿನ ಡಾಕ್ಟರಮ್ಮನಿಗೆ, ಜೇಬಿನಲ್ಲಿ ಯಾವಾಗಲೂ ಟಾಫಿ ಇಟ್ಟುಕೊಂಡಿರುತ್ತೇನೆ, ಹಿಂದೆಲ್ಲ ಒಂದೆರಡು ತಿಂದರೆ ಸರಿ ಹೋಗುತ್ತಿತ್ತು, ದಯವಿಟ್ಟು ಮನೆಯವಳಿಗೆ ಹೇಳಬೇಡಿ ಎನ್ನುತ್ತಿದ್ದ.

ಚಿಕ್ಕಮ್ಮ ಪರದೆ ಸರಿಸಿ ಒಳಗೆ ಹೋದಳು. "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು. ಕೋಪ ಬಂದಿತ್ತು, ಆದರೆ ದನಿ ಏರಲಿಲ್ಲ. ಚಿಕ್ಕಪ್ಪ ಛಾವಣಿ ನೋಡಿದ.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಮುಖದಲ್ಲಿ ನಿದ್ದೆಗೆಟ್ಟ ಆಯಾಸ. ಅವಳಿಗೆ ಬೇರೆಯದೇ ಚಿಂತೆ. ಮೂರು ಟಾಫಿ ತಿಂದು ಕೂತ ಮೇಲೂ ಸಕ್ಕರೆ ಹೀಗೆ ಕುಸಿದಿದೆ ಅಂದರೆ ಇದು ಮಾಮೂಲಿನದಲ್ಲ, ಕಿಡ್ನಿಯೋ ಹೊಟ್ಟೆಯೋ ಏನೋ ಕೆಟ್ಟಿರಬಹುದು, ಇಲ್ಲೇ ಇರಿಸಿಕೊಂಡು ಒಂದೊಂದಾಗಿ ಪರೀಕ್ಷೆ ಮಾಡಬೇಕಾಗುತ್ತದೆ, ಇನ್ನು ಎತ್ತರದ ಕೆಲಸದ ಮಾತೇ ಬೇಡ ಎಂದಳು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಡುಮ್ಮಣ್ಣ ಸಾಕ್ಷಿಗೆಂದು ಜೇಬಿನಿಂದ ಆ ಮೂರು ಕಾಗದ ತೆಗೆದು ಹಾಸಿಗೆಯ ಮೇಲಿಟ್ಟ.

ಚಿಕ್ಕಮ್ಮ ಆ ಕಾಗದಗಳನ್ನು ನೋಡಿದಳು. ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಕಾಗದ ಅಷ್ಟು ಚೆನ್ನಾಗಿ ತಾಳೆಯಾಗಿತ್ತು.

"ಅದು ಟಾಫಿ ಅಲ್ಲಮ್ಮ. ಕಾಗದ ಮಾತ್ರ ಟಾಫಿದು. ಒಳಗೆ ಕಪ್ಪು ಚಾಕಲೇಟಿತ್ತು. ನಾನೇ ಸುತ್ತಿಟ್ಟಿದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಯಾಕೆ ಎಂದು ಕೇಳಿದಳು. ಚಿಕ್ಕಮ್ಮ ಹೇಳಿದಳು, ಎಲ್ಲವನ್ನೂ ಹೇಳಿದಳು, ಸಕ್ಕರೆಯ ಸಾಲು, ನಾರಿನ ಸಾಲು, ಬೆರಳು ನಿಂತು ಮುಂದೆ ಹೋದ ಕೊಬ್ಬಿನ ಸಾಲು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚಿಕ್ಕಮ್ಮನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ದಿನನಿತ್ಯಕ್ಕಾದರೆ ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ ಎಂದಳು. ಆದರೆ ಸಕ್ಕರೆ ಇಳಿದ ಹೊತ್ತಿನಲ್ಲಿ ಸಕ್ಕರೆಯೇ ಔಷಧಿ, ಅದು ಬೇಗ ರಕ್ತಕ್ಕೆ ಸೇರಬೇಕು. ಈ ಚಾಕಲೇಟಿನಲ್ಲಿ ಇರುವುದೇ ಸ್ವಲ್ಪ ಸಕ್ಕರೆ, ಅದನ್ನೂ ಕೊಬ್ಬು ತಡೆದು ನಿಲ್ಲಿಸುತ್ತದೆ. ಟಾಫಿಯೂ ಬೇರೇನೂ ಕೈಗೆ ಸಿಗದಾಗಿನ ಮಾತು, ಗ್ಲೂಕೋಸ್ ಗುಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಇಷ್ಟು ಹೇಳಿ, ಆ ದೊಡ್ಡ ಪರೀಕ್ಷೆಗಳು ಸದ್ಯಕ್ಕೆ ಬೇಡ, ಇನ್ಸುಲಿನ್ ಪ್ರಮಾಣ ಸರಿಪಡಿಸೋಣ ಎಂದು ಹೊರಗೆ ಹೋದಳು. ಡುಮ್ಮಣ್ಣನೂ ಚಹಾದ ನೆಪ ಹೇಳಿ ಜಾಗ ಖಾಲಿ ಮಾಡಿದ. ನನಗೆ ನೆಪ ಸಿಗದೆ ಅಲ್ಲೇ ನಿಂತೆ.

ಚಿಕ್ಕಪ್ಪ ಹಾಸಿಗೆಯ ಮೇಲಿದ್ದ ಒಂದು ಕಾಗದವನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ: "ಕಹಿ ಅನ್ನಿಸ್ತು ಕಣೇ. ಮೈ ಸರಿ ಇಲ್ವಲ್ಲ, ನಾಲಿಗೇನೇ ಕೆಟ್ಟಿರ್ಬೇಕು ಅಂದ್ಕೊಂಡೆ. ಕಾಗದ ಸರಿಯಾಗೇ ಇತ್ತಲ್ಲ."

ಚಿಕ್ಕಮ್ಮ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ದೂರಲಿಲ್ಲ. ದೂರುವುದಕ್ಕೆ ಇಬ್ಬರಿಗೂ ಬಾಯಿರಲಿಲ್ಲ. ಅವನು ಮುಚ್ಚಿಟ್ಟದ್ದು ಹೆಚ್ಚೋ, ಇವಳು ಸುತ್ತಿಟ್ಟದ್ದು ಹೆಚ್ಚೋ ಎಂದು ತೂಗುತ್ತಾ ಕೂತರೆ ಯಾವ ತಕ್ಕಡಿಯೂ ಸಾಲದು. ಚಿಕ್ಕಮ್ಮ ಕೆಲಸ ಬಿಡಿಸಲಿಲ್ಲ, ಅದೊಂದು ಆಶ್ಚರ್ಯ. ಕೆಲಸದ ಅಂಗಿಯ ಒಂದು ಜೇಬಿಗೆ ಗ್ಲೂಕೋಸ್ ಗುಳಿಗೆ, ಇನ್ನೊಂದಕ್ಕೆ ಟಾಫಿ ತಾನೇ ತುಂಬಿ ಕಳಿಸತೊಡಗಿದಳು. ಒಬ್ಬನೇ ಮೇಲೆ ಹತ್ತಕೂಡದು ಎಂದಷ್ಟೇ ಕರಾರು.

ಆದರೆ ಒಂದು ಬದಲಾವಣೆ ಬಂದಿತ್ತು. ಅದನ್ನು ನಾನು ಊಟದ ಮೇಜಿನಲ್ಲಿ ಗಮನಿಸಿದೆ. ಚಿಕ್ಕಮ್ಮ ಮಾತ್ರೆ ಕೊಟ್ಟರೆ ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಬ್ರೆಡ್ಡಿಗೆ ಏನು ಸವರಿದ್ದಾಳೆ ಎಂದು ಎತ್ತಿ ಮೂಸುತ್ತಿದ್ದ. ಬೇಕೆಂದು ಮಾಡುತ್ತಿದ್ದದ್ದಲ್ಲ, ಅವನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಕೈ ತಾನಾಗಿಯೇ ಮೂಗಿನ ಹತ್ತಿರ ಹೋಗುತ್ತಿತ್ತು. ಅದನ್ನು ನೋಡಿ ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಮರುಕ್ಷಣ ಅವಳ ಮೇಲೆ ಬರುತ್ತಿತ್ತು, ಆಮೇಲೆ ಬರೀ ಸಂಕಟವಾಗುತ್ತಿತ್ತು. ಪಾತ್ರೆ ತೊಳೆಯುವಾಗ ಒಮ್ಮೆ ಚಿಕ್ಕಮ್ಮನಿಗೆ ಹೇಳಿಯೇಬಿಟ್ಟೆ.

"ನೋಡ್ಲಿ ಬಿಡೆ" ಎಂದಳು ಅವಳು. "ಸರಿಯಾಗೇ ಮಾಡ್ತಿದ್ದಾರೆ. ನಂಬಿಕೆ ಹೋದ ಕಡೆ ತಪಾಸಣೆ ಬೇಕು."

ಅಷ್ಟು ಹೇಳಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಅದು ಅವಳಿಗೆ ಎಷ್ಟು ಚುಚ್ಚುತ್ತಿದೆ ಎಂದು ತಿಳಿಯಲು ನನಗೆ ಅವಳ ಮುಖ ನೋಡಬೇಕಾಗಿರಲಿಲ್ಲ.

ಹೀಗೇ ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಇಬ್ಬರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ನಮ್ಮದು ಮೇಲಿನ ಮಹಡಿ, ಅವತ್ತೇ ಲಿಫ್ಟು ಕೈ ಕೊಟ್ಟಿತ್ತು, ಕರೆತರಲು ನಾನೇ ಕೆಳಗೆ ಹೋಗಿದ್ದೆ. ಲಿಫ್ಟ್ ರಿಪೇರಿಯವನನ್ನು ಮೆಟ್ಟಿಲು ಹತ್ತಿಸುತ್ತಿದ್ದೀಯಲ್ಲ ಎಂದು ಚಿಕ್ಕಪ್ಪ ನನ್ನನ್ನು ಕಿಚಾಯಿಸುತ್ತ ಮುಂದೆ ಹತ್ತುತ್ತಿದ್ದ. ಮೆಟ್ಟಿಲು ತಿರುಗುವ ಜಾಗದಲ್ಲಿ ಅವನ ಮಾತು ನಿಂತಿತು. ಕಂಬಿ ಹಿಡಿದು ಅಲ್ಲೇ ಕುಸಿದು ಕೂತ. ಹಣೆಯ ಮೇಲೆ ಬೆವರು. ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದ, ಆದರೆ ಬೆರಳುಗಳು ಅವನ ಮಾತು ಕೇಳಲಿಲ್ಲ. ಪಟ್ಟಿ ಜಾರಿ ಕಂಬಿಗಳ ನಡುವಿನಿಂದ ಕೆಳಗೆಲ್ಲೋ ಬಿತ್ತು.

ನಾನು ಅದನ್ನು ತರಲು ತಿರುಗಿದೆ. ಅಷ್ಟರಲ್ಲಿ ಚಿಕ್ಕಮ್ಮ ತನ್ನ ಚೀಲದಿಂದ ಒಂದು ಟಾಫಿ ತೆಗೆದಿದ್ದಳು. ಅದೇ ಕಂದು ಕಾಗದದ್ದು. ಅವಳ ಚೀಲದಲ್ಲಿ ಅದು ಯಾವಾಗಿನಿಂದ ಇತ್ತೋ ನನಗೆ ಗೊತ್ತಿಲ್ಲ. ಬಿಚ್ಚಿದಳು, ಆದರೆ ಬಾಯಿಗೆ ಹಾಕಲಿಲ್ಲ. ಅವನು ಮೂಸಿ ನೋಡಲಿ ಎಂದು ಅಂಗೈಯಲ್ಲಿಟ್ಟು ಅವನ ಮೂಗಿನ ಹತ್ತಿರ ಹಿಡಿದಳು.

ಚಿಕ್ಕಪ್ಪ ಟಾಫಿಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆದ.

ಅವಳು ಟಾಫಿಯನ್ನು ಅವನ ನಾಲಿಗೆಯ ಮೇಲಿಟ್ಟಳು, ಅದರ ಹಿಂದೆಯೇ ಇನ್ನೊಂದನ್ನು. ಅವನು ಅಗಿಯುತ್ತಾ ಅವಳ ಭುಜಕ್ಕೆ ಒರಗಿದ. ಖಾಲಿ ಕಾಗದ ಅವಳ ಮಡಿಲಲ್ಲಿ ಬೋರಲು ಬಿದ್ದಿತ್ತು. ಅದರ ಕಡೆಗೆ ಅವಳು ಕಣ್ಣು ಕೂಡ ಹಾಯಿಸಲಿಲ್ಲ. ಬಣ್ಣ ಮರಳಿ ಬರುವವರೆಗೂ ಗಂಡನ ಮುಖವನ್ನೇ ನೋಡುತ್ತಾ ಕೂತಿದ್ದಳು.